ಕಿಲಿಮಾಂಜಾರೊ ಹತ್ತುವ ಮುನ್ನ ಒಂದು ಲೆಕ್ಕ

(ಗಿರಣಿ ಕೆಲಸಗಾರರ ವಾಚನಾಲಯದ ವಾರದ ಸಭೆಯಲ್ಲಿ ಪ್ರವಾಸದ ತಂಡದ ಪರವಾಗಿ ಮಾಡಿದ ಭಾಷಣ)



ನಾವು ಐದು ಜನ ಆಫ್ರಿಕ ಖಂಡದ ಕಿಲಿಮಾಂಜಾರೊ ಪರ್ವತವನ್ನು ಹತ್ತಲು ಹೊರಟಿದ್ದೇವೆಂಬ ಸುದ್ದಿ ಊರಿನಲ್ಲಿ ಹಬ್ಬಿದೆ. ಸುದ್ದಿ ನಿಜ. ಐವರಲ್ಲಿ ಇಬ್ಬರು ನೂಲಿನ ಖಾತೆಯವರು, ಒಬ್ಬರು ಮಗ್ಗದ ಖಾತೆಯವರು, ಒಬ್ಬರು ಕಿರಾಣಿ ಅಂಗಡಿಯವರು, ಇನ್ನೊಬ್ಬರು ಸೈಕಲ್ ರಿಪೇರಿಯವರು. ಕೆಲವರು ನಮ್ಮ ಬೆನ್ನು ತಟ್ಟಿದ್ದಾರೆ. ಕೆಲವರು ನಕ್ಕಿದ್ದಾರೆ. ಒಬ್ಬ ಹಿರಿಯರು, "ಬೆಟ್ಟ ಹತ್ತಿದರೆ ಹೊಟ್ಟೆ ತುಂಬುತ್ತದೇನಪ್ಪಾ?" ಎಂದು ನೇರವಾಗಿಯೇ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಹೊಟ್ಟೆ ತುಂಬುವುದಿಲ್ಲ. ಆದರೆ ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ರೆ, ಉಳಿದ ಎಂಟು ಗಂಟೆ ನಮ್ಮದು ಎಂದು ಜಗತ್ತಿನ ಕೆಲಸಗಾರರು ಹೋರಾಡಿದಾಗ, ಆ ಮೂರನೆಯ ಎಂಟು ಗಂಟೆ ಹೊಟ್ಟೆಗಾಗಿ ಮಾತ್ರ ಬೇಕೆಂದು ಯಾರೂ ಹೇಳಲಿಲ್ಲ. ಓದಲು, ಹಾಡಲು, ಲೋಕ ನೋಡಲು ಬೇಕೆಂದರು. ಕಾರ್ಖಾನೆಯಲ್ಲಿ 20 ದಿನ ದುಡಿದರೆ 1 ದಿನ ಸಂಬಳದ ರಜೆ ಎಂಬ ಕಾನೂನು ಯಾರ ದಯೆಯಿಂದಲೂ ಬಂದುದಲ್ಲ. ಆ ರಜೆಯನ್ನು ನಾವು ಕೂಡಿಟ್ಟಿದ್ದೇವೆ. ನಮ್ಮ ಅಂಗಡಿಯ ಮಿತ್ರರಿಗಂತೂ ರಜೆ ಕೊಡುವ ಕಾನೂನೇ ಇಲ್ಲ. ಅವರ ರಜೆಯನ್ನು ಅವರ ಮನೆಯವರೇ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತು ದುಡಿದುಕೊಡಬೇಕು.

ಆದುದರಿಂದ ಹೋಗಬೇಕೇ ಬೇಡವೇ ಎಂಬುದು ಇಂದಿನ ಚರ್ಚೆಯಲ್ಲ. ಹೇಗೆ ಹೋಗಬೇಕು, ಯಾರ ಬೆನ್ನ ಮೇಲೆ ಹೋಗಬೇಕು ಎಂಬುದೇ ಚರ್ಚೆ. ಈ ವಿಷಯದಲ್ಲಿ ನಮ್ಮ ತಂಡದಲ್ಲಿ ಎರಡು ವಾರ ಜಗಳವೇ ನಡೆದಿದೆ. ಅದನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇವೆ.

ಬೆಟ್ಟದ ಪರಿಚಯ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಮೊದಲು ಬೆಟ್ಟದ ಹತ್ತಿರ ಹೋಗೋಣ.

ಕಿಲಿಮಾಂಜಾರೊ ಇರುವುದು ಟಾಂಜಾನಿಯ ದೇಶದ ಉತ್ತರದಲ್ಲಿ, ಕೀನ್ಯದ ಗಡಿಯ ಪಕ್ಕದಲ್ಲಿ. ಎತ್ತರ 5895 ಮೀಟರು, ಅಂದರೆ 19,300 ಅಡಿಗೂ ಮೇಲೆ. ಆಫ್ರಿಕದಲ್ಲಿ ಅದಕ್ಕಿಂತ ಎತ್ತರವಾದ ಬೆಟ್ಟವಿಲ್ಲ. ಹಿಮಾಲಯದಂತೆ ಸಾಲುಬೆಟ್ಟವಲ್ಲ, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿದೆ. ಜ್ವಾಲಾಮುಖಿಯಿಂದ ಹುಟ್ಟಿದ ಅದಕ್ಕೆ ಶಿರಾ, ಮಾವೆಂಜಿ, ಕಿಬೊ ಎಂದು ಮೂರು ತಲೆಗಳು. ಕಿಬೊವೇ ಎಲ್ಲಕ್ಕೂ ಎತ್ತರ. ಭೂಮಧ್ಯ ರೇಖೆಗೆ ಮೂರೇ ಡಿಗ್ರಿ ದಕ್ಷಿಣಕ್ಕಿದ್ದರೂ ಅದರ ನೆತ್ತಿಯ ಮೇಲೆ ಹಿಮವಿದೆ. 1848ರಲ್ಲಿ ರೆಬ್‌ಮನ್ ಎಂಬ ಜರ್ಮನ್ ಪಾದ್ರಿ ಆ ಹಿಮವನ್ನು ಕಂಡು ಬರೆದಾಗ ಲಂಡನ್ನಿನ ಪಂಡಿತರು ನಂಬಲಿಲ್ಲ. ಬಿಸಿಲಿನ ನಾಡಿನಲ್ಲಿ ಹಿಮವೆಲ್ಲಿಂದ ಬಂತು ಎಂದರು. ಬೆಟ್ಟದ ಬುಡದಲ್ಲಿ ಬಾಳೆ ಬೆಳೆಯುವ ಚಗ್ಗಾ ಜನಕ್ಕೆ ಮಾತ್ರ ಅದು ದಿನ ಬೆಳಗಾದರೆ ಕಾಣುವ ವಸ್ತುವಾಗಿತ್ತು.

ಆ ಹಿಮ ಈಗ ಕರಗುತ್ತಿದೆ. 1912ರಲ್ಲಿ ಅಳೆದಾಗ ಇದ್ದ ಮಂಜುಗಡ್ಡೆಯಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚು ಇಂದು ಉಳಿದಿಲ್ಲ.

ನಮ್ಮ ರಾಜ್ಯದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ ತುದಿ 1930 ಮೀಟರು. ಕಿಲಿಮಾಂಜಾರೊವಿನ ಮಾಚಾಮೆ ದಾರಿಯ ಬಾಗಿಲು ಇರುವುದು ಸುಮಾರು 1800 ಮೀಟರಿನಲ್ಲಿ. ಅಂದರೆ ನಮ್ಮ ಬೆಟ್ಟ ಹೆಚ್ಚುಕಡಿಮೆ ಮುಗಿಯುವಲ್ಲಿ ಆ ಬೆಟ್ಟದ ಬಾಗಿಲು ತೆರೆಯುತ್ತದೆ.

1889ರ ಅಕ್ಟೋಬರ್ 6ರಂದು ಹಾನ್ಸ್ ಮೆಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ಎಂಬಿಬ್ಬರು ತುದಿ ಮುಟ್ಟಿದರೆಂದು ಪುಸ್ತಕಗಳಲ್ಲಿದೆ. ಮೆಯರ್ ಹಿಂದೆ ಎರಡು ಸಲ ಹೊರಟು ಮರಳಿದ್ದರು. ಮೂರನೆಯ ಸಲ ಗೆದ್ದುದು ಬರಿಯ ಎದೆಗಾರಿಕೆಯಿಂದಲ್ಲ. ದಾರಿಯಲ್ಲಿ ಬಿಡಾರಗಳನ್ನು ಹಾಕಿ, ಕೆಳಗಿನಿಂದ ಮೇಲಕ್ಕೆ ಆಹಾರ ಬರುತ್ತಲೇ ಇರುವಂತೆ ಏರ್ಪಾಡು ಮಾಡಿದ್ದರು. ಆ ಆಹಾರವನ್ನು ಹೊತ್ತವರು ಆಫ್ರಿಕದ ಕೂಲಿಗಳು. ಪುಸ್ತಕದಲ್ಲಿ ಹೆಸರು ಎರಡು. ಬೆಟ್ಟದ ಮೇಲೆ ಬೆನ್ನು ಹಲವು. ಮರಂಗು ಊರಿನ ಯೋಹಾನಿ ಕಿನ್ಯಾಲ ಲೌವೊ ಅವರನ್ನು ಮೊದಲ ಮಾರ್ಗದರ್ಶಿಯೆಂದು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ.

ಜರ್ಮನರು ಆ ತುದಿಗೆ ತಮ್ಮ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮನ ಹೆಸರಿಟ್ಟರು. ಮೊದಲ ಮಹಾಯುದ್ಧದ ನಂತರ ದೇಶ ಬ್ರಿಟಿಷರ ಕೈಸೇರಿತು. ಸ್ವಾತಂತ್ರ್ಯ ಬರುವ ಮುನ್ನವೇ, 1959ರಲ್ಲಿ, ಜೂಲಿಯಸ್ ನ್ಯೆರೆರೆ ಅವರು ಶಾಸನ ಸಭೆಯಲ್ಲಿ ಮಾತನಾಡುತ್ತ, ಈ ಬೆಟ್ಟದ ಮೇಲೊಂದು ದೀಪ ಹಚ್ಚಬೇಕು, ಅದರ ಬೆಳಕು ಗಡಿಯಾಚೆಯ ನಿರಾಶರಿಗೂ ಕಾಣಬೇಕು ಎಂಬ ಆಸೆಯನ್ನು ಹೇಳಿದ್ದರು. 1961ರ ಡಿಸೆಂಬರ್ 9ರಂದು ಟಾಂಗನೀಕ ಸ್ವತಂತ್ರವಾದಾಗ ಲೆಫ್ಟಿನೆಂಟ್ ಅಲೆಗ್ಸಾಂಡರ್ ನ್ಯಿರೆಂಡ ಎಂಬ ಯುವಕ ದೇಶದ ಬಾವುಟವನ್ನೂ ಪಂಜನ್ನೂ ಆ ತುದಿಗೆ ಒಯ್ದರು. ಕೈಸರನ ಹೆಸರು ಹೋಯಿತು. ಅದೀಗ ಉಹುರು ಶಿಖರ. ಸ್ವಾಹಿಲಿ ಮಾತಿನಲ್ಲಿ ಉಹುರು ಎಂದರೆ ಸ್ವಾತಂತ್ರ್ಯ. 1964ರಲ್ಲಿ ಜಾಂಜಿಬಾರ್ ಕೂಡಿಕೊಂಡು ದೇಶ ಟಾಂಜಾನಿಯವಾಯಿತು. 1967ರ ಅರುಷಾ ಘೋಷಣೆ ಹೊರಟುದು ಆ ಬೆಟ್ಟದ ನೆರೆಯ ಪಟ್ಟಣದಿಂದಲೇ. ನ್ಯೆರೆರೆಯವರ ಸಮಾಜವಾದ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ಇನ್ನೊಂದು ಸಂಜೆಯ ಮಾತು.

ಬೆಟ್ಟದ ಬುಡದ ಇನ್ನೊಂದು ಸಂಗತಿಯನ್ನು ನಮ್ಮ ವ್ಯಾಪಾರಿ ಮಿತ್ರರು ಕೇಳಬೇಕು. ಅಲ್ಲಿಯ ಚಗ್ಗಾ ರೈತರು ಬಾಳೆಯ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಆಫ್ರಿಕದವರು ಕಾಫಿ ಬೆಳೆಯುವುದೇ ಬಿಳಿಯ ತೋಟದವರಿಗೆ ಸಹಿಸದಿದ್ದ ಕಾಲದಲ್ಲಿ, 1925ರಲ್ಲಿ, ಈ ರೈತರು ತಮ್ಮದೇ ಬೆಳೆಗಾರರ ಸಂಘ ಕಟ್ಟಿದರು. 1933ರಲ್ಲಿ ಅದು ಸಹಕಾರಿ ಒಕ್ಕೂಟವಾಗಿ ಮೋಷಿ ಪಟ್ಟಣದಲ್ಲಿ ನೆಲೆನಿಂತಿತು. ಇಂಡಿಯದಿಂದ ಹೋದ ವ್ಯಾಪಾರಿಗಳೂ ಆ ಕಡೆಯ ಪಟ್ಟಣಗಳಲ್ಲಿ ಹಿಂದಿನಿಂದ ಇದ್ದಾರೆ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ' ಎನ್ನುತ್ತಾರೆ. ದುಕಾನ ಎಂಬ ಮಾತು ಬಲ್ಲ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಯಾವುದು, ಎಷ್ಟು ದಿನ

ಬೆಟ್ಟಕ್ಕೆ ದಾರಿಗಳು ಹಲವು. ಮರಂಗು ದಾರಿಯಲ್ಲಿ ಮಾತ್ರ ಮಲಗಲು ಮರದ ಮನೆಗಳಿವೆ. ಉಳಿದ ದಾರಿಗಳಲ್ಲಿ ಗುಡಾರವೇ ಗತಿ. ಮರಂಗುವಿನಲ್ಲಿ 5 ದಿನದಲ್ಲಿ ಹತ್ತಿ ಇಳಿಸುತ್ತೇವೆಂದು ಹೇಳುವವರಿದ್ದಾರೆ. ದಿನ ಕಡಿಮೆಯಾದರೆ ಖರ್ಚು ಕಡಿಮೆ. ಆದರೆ ಈ ಬೆಟ್ಟದಲ್ಲಿ ಅವಸರಕ್ಕೆ ಬೆಲೆ ತೆರಬೇಕಾದುದು ದೇಹ.

ಅದು ಏಕೆಂದು ಹೇಳುತ್ತೇವೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ಒಂದು ಉಸಿರಿನಲ್ಲಿ ಸಿಗುವ ಪ್ರಾಣವಾಯುವೂ ಅರ್ಧ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಬೇಗ ಏರಿದವರಿಗೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು. ಇದನ್ನು ಅಲಕ್ಷಿಸಿ ಇನ್ನೂ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಆಗ ತಡ ಮಾಡದೆ ಕೆಳಕ್ಕೆ ಇಳಿಸದಿದ್ದರೆ ಸಾವು. ಗಟ್ಟಿಮುಟ್ಟಾದ ಯುವಕನಿಗೂ ಇದು ಬರಬಹುದು. ತೋಳಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿಯ ಮಾರ್ಗದರ್ಶಿಗಳು ಹೆಜ್ಜೆಹೆಜ್ಜೆಗೂ 'ಪೋಲೆ ಪೋಲೆ' ಎನ್ನುತ್ತಾರಂತೆ. ನಿಧಾನ, ನಿಧಾನ ಎಂದು ಅರ್ಥ.

ಆದುದರಿಂದ ನಾವು ಮಾಚಾಮೆ ದಾರಿಯನ್ನು 7 ದಿನಕ್ಕೆ ಆರಿಸಿಕೊಂಡಿದ್ದೇವೆ. ಮೊದಲ ದಿನ ಮಳೆಕಾಡು. ಎರಡನೆಯ ದಿನ ಮರಗಳು ಕುಳ್ಳಾಗಿ ಪೊದೆಗಳಾಗುತ್ತವೆ. 3800 ಮೀಟರಿನ ಸುಮಾರಿನಲ್ಲಿ ಶಿರಾ ಬಿಡಾರ. ಮೂರನೆಯ ದಿನ 4600 ಮೀಟರಿನ ಲಾವಾ ಗೋಪುರದವರೆಗೆ ಏರಿ, ಮತ್ತೆ 4000ಕ್ಕಿಂತ ಕೆಳಗಿರುವ ಬರಾಂಕೊ ಬಿಡಾರಕ್ಕೆ ಇಳಿದು ಮಲಗುವುದು. ಹಗಲು ಎತ್ತರಕ್ಕೆ ಹತ್ತು, ರಾತ್ರಿ ತಗ್ಗಿನಲ್ಲಿ ಮಲಗು ಎಂಬುದೇ ಇದರ ಗುಟ್ಟು. ನಾಲ್ಕನೆಯ ದಿನ ಬರಾಂಕೊ ಗೋಡೆಯನ್ನು ಕೈಕಾಲು ಊರಿ ಹತ್ತಿ ಕರಂಗಾ ಬಿಡಾರ. ಐದನೆಯ ದಿನ ಬರಾಫು ಬಿಡಾರ, ಸುಮಾರು 4670 ಮೀಟರು. ಬರಾಫು ಎಂದರೆ ಮಂಜುಗಡ್ಡೆ. ನಮ್ಮ ಬರ್ಫದ ಮಾತನ್ನೇ ನೆನಪಿಗೆ ತರುತ್ತದೆ. ಅಲ್ಲಿಂದ ನಡುರಾತ್ರಿಯ ಹೊತ್ತಿಗೆ ತಲೆಗೆ ದೀಪ ಕಟ್ಟಿಕೊಂಡು ಹೊರಟರೆ ಬೆಳಗಾಗುವ ಹೊತ್ತಿಗೆ ತುದಿ. ಸೊನ್ನೆಗಿಂತ ಹತ್ತು, ಹದಿನೈದು ಡಿಗ್ರಿ ಕೆಳಗಿನ ಚಳಿ. ಅದೇ ದಿನ ಮ್ವೇಕಾ ಬಿಡಾರದವರೆಗೆ ಇಳಿದು, ಏಳನೆಯ ದಿನ ಬಾಗಿಲು ದಾಟುವುದು.

ಮಾರ್ಚಿಯಿಂದ ಮೇ ತನಕ ಅಲ್ಲಿ ದೊಡ್ಡ ಮಳೆ, ನವೆಂಬರಿನಲ್ಲಿ ಸಣ್ಣ ಮಳೆ. ಜೂನ್‌ನಿಂದ ಅಕ್ಟೋಬರ್, ಇಲ್ಲವೆ ಜನವರಿ ಫೆಬ್ರವರಿ ಒಳ್ಳೆಯ ಕಾಲ. ದೀಪಾವಳಿಯ ವ್ಯಾಪಾರ ಬಿಟ್ಟುಬರಲು ಕಿರಾಣಿ ಮಿತ್ರರಿಗೆ ಆಗದು. ಸಂಕ್ರಾಂತಿ ಕಳೆದ ಮೇಲೆ ಹೊರಡುವುದೆಂದು ಗೊತ್ತುಮಾಡಿದ್ದೇವೆ.

ನೈರೋಬಿಯ ಮೇಲೆ ಹೋಗುವ ವಿಚಾರವಿದೆ. ಆ ಊರಿನ ರೈಲು ದಾರಿಯನ್ನು 1896ರಿಂದ 1901ರ ತನಕ ಹಾಕಿದವರು ಇಂಡಿಯದಿಂದ ಕರಾರಿನ ಮೇಲೆ ಒಯ್ದ ಮೂವತ್ತು ಸಾವಿರಕ್ಕೂ ಮಿಕ್ಕ ಕೂಲಿಗಳು. ಸುಮಾರು 2500 ಮಂದಿ ಅಲ್ಲಿಯೇ ಸತ್ತರು. ಆ ಊರಿನಲ್ಲೇ ಕಾರ್ಮಿಕ ಸಂಘ ಕಟ್ಟಿದ ಪಂಜಾಬಿನ ಮಖನ್ ಸಿಂಗ್ ಅವರನ್ನು ಬ್ರಿಟಿಷ್ ಸರ್ಕಾರ 1950ರಿಂದ 1961ರ ವರೆಗೆ ಬಂಧನದಲ್ಲಿಟ್ಟಿತ್ತು. ಆ ನೆಲದಲ್ಲಿ ಇಳಿದಾಗ ಇವರನ್ನು ನೆನೆಯದೆ ಮುಂದೆ ಹೋಗಬಾರದೆಂದಿದ್ದೇವೆ.

ಹಣದ ಮಾತು

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ವರ್ಷದಿಂದ ನಾವು ತಿಂಗಳಿಗೆ ತಲಾ 5000 ರೂಪಾಯಿ ತೆಗೆದಿಡುತ್ತ ಬಂದಿದ್ದೇವೆ. ಬೀಡಿ, ಸಿನಿಮಾ, ಹಬ್ಬದ ಹೊಸಬಟ್ಟೆ ಎಲ್ಲದರಲ್ಲೂ ಕೈ ಬಿಗಿಹಿಡಿದು ಕೂಡಿಸಿದ ಹಣ. ಇಂದಿಗೆ ತಲಾ 2,40,000 ಇದೆ.

ರಾಷ್ಟ್ರೀಯ ಉದ್ಯಾನದೊಳಗೆ ಮಾರ್ಗದರ್ಶಿಯಿಲ್ಲದೆ ಹತ್ತಲು ಅಲ್ಲಿಯ ಸರ್ಕಾರ ಬಿಡುವುದಿಲ್ಲ. ಯಾವುದಾದರೊಂದು ಕಂಪನಿಯ ಮೂಲಕವೇ ಹೋಗಬೇಕು. ಎರಡು ಕಂಪನಿಗಳಿಂದ ದರ ತರಿಸಿದೆವು. ಹೆಸರು ಬೇಡ. ಒಂದು ಕಂಪನಿ 7 ದಿನಕ್ಕೆ ತಲಾ 1200 ಡಾಲರ್ ಎಂದಿತು. ಇನ್ನೊಂದು 1900 ಎಂದಿತು. ಡಾಲರಿಗೆ 88 ರೂಪಾಯಿ ಹಿಡಿದರೆ ಮೊದಲನೆಯದು 1,05,600, ಎರಡನೆಯದು 1,67,200. ನಡುವಿನ ಅಂತರ 61,600 ರೂಪಾಯಿ. ನಮ್ಮ ಲೆಕ್ಕದಲ್ಲಿ ಒಂದು ವರ್ಷದ ಉಳಿತಾಯ.

ವಿಮಾನಕ್ಕೆ 65,000, ವೀಸಾಕ್ಕೆ 50 ಡಾಲರ್, ಅಂದರೆ 4400, ಬೆಟ್ಟದ ಮೇಲೆ ಜೊತೆಗೆ ಬರುವವರ ಭಕ್ಷೀಸಿಗೆ 250 ಡಾಲರ್, 22,000, ಬಾಡಿಗೆಯ ಚಳಿಬಟ್ಟೆ, ವಿಮೆ, ಲಸಿಕೆ, ವಸತಿಗೆ 35,000. ಅಗ್ಗದ ಕಂಪನಿಯಾದರೆ ಒಟ್ಟು 2,32,000. ಈ ಸಂಕ್ರಾಂತಿ ಕಳೆದರೆ ಹೊರಡಬಹುದು. ಇನ್ನೊಂದಾದರೆ 2,93,600. ಇನ್ನೂ ಒಂದು ವರ್ಷ ಕಾಯಬೇಕು.

ನಮ್ಮಲ್ಲಿ ಮೂವರು, ಈ ವರ್ಷವೇ ಹೋಗೋಣ ಎಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಒಬ್ಬರಿಗೆ ವಯಸ್ಸು ಐವತ್ತೆರಡು. ಮುಂದಿನ ವರ್ಷ ಮಂಡಿ ಹೇಗಿರುತ್ತದೋ ಎಂಬ ಚಿಂತೆ. ಇನ್ನೊಬ್ಬರ ಮಗಳ ಮದುವೆ ಮುಂದಿನ ವರ್ಷಕ್ಕೆ ಬಂದರೆ ಈ ಹಣ ಬೆಟ್ಟದ ಕಡೆಗೆ ಹೋಗದು. ಬಡವರು ಒಂದು ವರ್ಷ ಕಾಯುವುದೆಂದರೆ ಎಷ್ಟೋ ಸಲ ಶಾಶ್ವತವಾಗಿ ಬಿಡುವುದೇ ಆಗುತ್ತದೆ. ಇದು ನಮಗೆಲ್ಲರಿಗೂ ಗೊತ್ತು.

ಆಗ ನಮ್ಮ ಕಿರಾಣಿ ಮಿತ್ರರು ಕಾಗದ ತೆಗೆದುಕೊಂಡು ಕುಳಿತರು. ಮಾರುವವನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುತ್ತಿದ್ದರೆ ತೂಕದಲ್ಲಿ ಎಲ್ಲಿಯೋ ಹೊಡೆಯುತ್ತಿದ್ದಾನೆ ಎಂಬುದು ಅವರ ಅನುಭವ. ಅವರು ಹಾಕಿದ ಲೆಕ್ಕ ಇದು.

ಈಚಿನ ವರ್ಷಗಳಲ್ಲಿ ಉದ್ಯಾನದ ಶುಲ್ಕ ಒಬ್ಬ ವಿದೇಶಿಗೆ ದಿನಕ್ಕೆ 70 ಡಾಲರ್. 7 ದಿನಕ್ಕೆ 490. ಬಿಡಾರದ ಶುಲ್ಕ ರಾತ್ರಿಗೆ 50. 6 ರಾತ್ರಿಗೆ 300. ಅಪಾಯದಲ್ಲಿ ಕೆಳಗಿಳಿಸುವ ವ್ಯವಸ್ಥೆಗೆ 20. ಕೂಡಿದರೆ 810. ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸುಮಾರು 146. ಒಟ್ಟು 956 ಡಾಲರ್ ನೇರವಾಗಿ ಸರ್ಕಾರಕ್ಕೆ. ಇದರಲ್ಲಿ ಯಾವ ಕಂಪನಿಗೂ ಒಂದು ಕಾಸು ಉಳಿಸಲಾಗದು.

1200ರಲ್ಲಿ 956 ಹೋದರೆ ಉಳಿದುದು 244. ನಮ್ಮೊಬ್ಬರಿಗೆ ಗುಡಾರ, ಅಕ್ಕಿ, ಸೀಮೆಎಣ್ಣೆ, ಚೀಲ ಹೊರಲು ಮೂರು ಜನ ಬೇಕೆಂದಿಟ್ಟುಕೊಳ್ಳಿ. 7 ದಿನಕ್ಕೆ 21 ಆಳು. ಆಳಿಗೆ ದಿನಕ್ಕೆ 10 ಡಾಲರ್ ಕೊಟ್ಟರೆಂದೇ ಹಿಡಿದರೂ 210 ಆಯಿತು. ಇನ್ನುಳಿದ 34 ಡಾಲರಿನಲ್ಲಿ ಮಾರ್ಗದರ್ಶಿಯ ಸಂಬಳ, ಅಡಿಗೆಯವನ ಸಂಬಳ, ನಮ್ಮ ಏಳು ದಿನದ ಊಟ, ಅವರೆಲ್ಲರ ಊಟ, ಮೋಟಾರಿನ ಬಾಡಿಗೆ, ಮಾಲೀಕನ ಲಾಭ!

ಇದು ಸಾಧ್ಯವೇ? ಸಾಧ್ಯವಿಲ್ಲ. ಹಾಗಾದರೆ ಆ ಕಂಪನಿ ಹೇಗೆ ನಡೆಯುತ್ತದೆ? ಉದ್ಯಾನದ ಶುಲ್ಕ ತಗ್ಗಿಸಲಾಗದು. ಮಾಲೀಕ ತನ್ನ ಲಾಭ ಬಿಡುವವನಲ್ಲ. ಕತ್ತರಿಸಲು ಉಳಿದುದು ಎರಡೇ, ಹೊರುವವನ ಕೂಲಿ ಮತ್ತು ಹೊರುವವನ ಊಟ. ಮೂರು ಜನದ ಹೊರೆಯನ್ನು ಇಬ್ಬರ ತಲೆಗೆ ಹೊರಿಸಬಹುದು. ಕೂಲಿಯೇ ಇಲ್ಲ, ಭಕ್ಷೀಸಿನಲ್ಲಿ ಬದುಕಿಕೋ ಎನ್ನಬಹುದು. ಭಕ್ಷೀಸನ್ನೂ ನಡುವಿನವರು ನುಂಗಬಹುದು. ನಾವು ಉಳಿಸಿದ 61,600 ರೂಪಾಯಿಯನ್ನು ಕೊಡುವವರು ಅವರು. ಬೇರೆ ಯಾರೂ ಅಲ್ಲ.

ಹೊರುವವರು ಯಾರು

ಸ್ವಾಹಿಲಿಯಲ್ಲಿ ಅವರನ್ನು ವಪಗಾಜಿ ಎನ್ನುತ್ತಾರೆ. ಬೆಟ್ಟದ ಸುತ್ತಿನ ಹಳ್ಳಿಗಳ ಹುಡುಗರು, ನಡುವಯಸ್ಸಿನವರು. ಈಗ ಹೆಂಗಸರೂ ಇದ್ದಾರೆ. ಹೊರೆಗೆ 20 ಕಿಲೋ ಮಿತಿಯಿದೆ; ಬಾಗಿಲಿನಲ್ಲಿ ತೂಗಿ ಬಿಡುತ್ತಾರೆ. ನಮಗಿಂತ ತಡವಾಗಿ ಬಿಡಾರ ಬಿಚ್ಚಿ, ನಮ್ಮನ್ನು ದಾಟಿ ಮುಂದೆ ಹೋಗಿ, ನಾವು ಸೇರುವ ಹೊತ್ತಿಗೆ ಗುಡಾರ ಹಾಕಿ ನೀರು ಕಾಯಿಸಿರುವವರು ಅವರು. ನಮಗೆ ಹೊದೆಯಲು ಹಂಸದ ತುಪ್ಪಳದ ಅಂಗಿ. ಅವರಲ್ಲಿ ಎಷ್ಟೋ ಮಂದಿ ಹರಿದ ಬೂಟಿನಲ್ಲಿ ಆ ಚಳಿಗೆ ಹೋದುದುಂಟು. ಬೆಟ್ಟ ತನ್ನ ಮೇಲೆ ನಾವು ನಡೆದುದಕ್ಕೆ ದಿನಕ್ಕೆ 70 ಡಾಲರ್ ವಸೂಲು ಮಾಡುತ್ತದೆ. ನಮ್ಮನ್ನು ನಡೆಸುವವನಿಗೆ ಅದರ ಐದರಲ್ಲೊಂದು ಪಾಲೂ ಸಿಗದು.

ಮೋಷಿಯಲ್ಲಿ ಕಿಲಿಮಾಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ 2003ರಿಂದ ಇವರಿಗಾಗಿ ಕೆಲಸ ಮಾಡುತ್ತಿದೆ. ಚಳಿಬಟ್ಟೆಗಳನ್ನು ಬಾಡಿಗೆಯಿಲ್ಲದೆ ಹೊತ್ತು ಹೋಗುವವರಿಗೆ ಎರವಲು ಕೊಡುತ್ತದೆ. ಕೂಲಿ, ಊಟ, ಹೊರೆ, ಮಲಗುವ ಗುಡಾರ ಸರಿಯಾಗಿವೆಯೇ ಎಂದು ಹೊರುವವರನ್ನೇ ಕೇಳಿ ತಿಳಿದು, ಸರಿಯಾಗಿ ನಡೆಯುವ ಕಂಪನಿಗಳ ಪಟ್ಟಿಯನ್ನು ಇಟ್ಟಿದೆ. 1900 ಡಾಲರ್ ಕೇಳಿದ ಕಂಪನಿ ಆ ಪಟ್ಟಿಯಲ್ಲಿದೆ. ಅಗ್ಗದ ಕಂಪನಿ ಇಲ್ಲ. ದುಬಾರಿಯಾದುದೆಲ್ಲ ನ್ಯಾಯವಾದುದೆಂದು ನಾವು ಹೇಳುತ್ತಿಲ್ಲ. ಹೆಚ್ಚು ಹಣ ತೆಗೆದುಕೊಂಡು ಕೂಲಿ ನುಂಗುವವರೂ ಇರುತ್ತಾರೆ. ಆದುದರಿಂದಲೇ ದರ ನೋಡಿ ನಂಬದೆ ಪಟ್ಟಿ ನೋಡಿ ನಂಬಿದೆವು.

ಸಂಗಾತಿಗಳೆ, ನಮ್ಮ ಗಿರಣಿಯಲ್ಲಿ ಗುತ್ತಿಗೆ ಆಳುಗಳನ್ನು ತಂದಾಗ ನಾವು ಏನು ಹೇಳಿದೆವು? ಅದೇ ಯಂತ್ರ, ಅದೇ ಪಾಳಿ, ಅರ್ಧ ಕೂಲಿ ಏಕೆ ಎಂದು ಬಾಗಿಲಲ್ಲಿ ನಿಂತು ಕೇಳಿದೆವು. ಆ ಪ್ರಶ್ನೆಯನ್ನು ಊರಿನಲ್ಲಿ ಕೇಳಿ, ಸಮುದ್ರ ದಾಟಿದ ಮೇಲೆ ನಾವೇ ಗುತ್ತಿಗೆದಾರನ ಪಕ್ಕದಲ್ಲಿ ನಿಂತರೆ ಹೇಗೆ? ಉಹುರು ಶಿಖರದಲ್ಲಿ ಪಟ ತೆಗೆಸಿಕೊಂಡು ಇಲ್ಲಿ ತೂಗುಹಾಕಿದರೆ, ಆ ಪಟದಲ್ಲಿ ಕಾಣದವನ ಕೂಲಿಯೂ ಗೋಡೆಯ ಮೇಲೆ ತೂಗಾಡುತ್ತಿರುತ್ತದೆ.

ಹೀಗೆಂದು ಮಗ್ಗದ ಖಾತೆಯ ಗೆಳೆಯರು ವಾದಿಸಿದರು. ಕೊನೆಗೆ ಕೈ ಎತ್ತಿ ಮತ ಹಾಕಿದೆವು. ಕಾಯುವುದೆಂದು ನಾಲ್ಕು ಮತ. ಐವತ್ತೆರಡರ ಗೆಳೆಯರು ಮತ ಹಾಕಲಿಲ್ಲ. ಕಾಯುತ್ತೇನೆ ಎಂದಷ್ಟೇ ಹೇಳಿದರು. ಮಗಳ ಮದುವೆ ಮುಂದೆ ಬಂದರೆ ಆ ಗೆಳೆಯರ ಕೊರತೆಯನ್ನು ಉಳಿದ ನಾಲ್ವರು ಸಾಲವಾಗಿ ತುಂಬುವುದು, ಬಡ್ಡಿಯಿಲ್ಲದೆ ತಿಂಗಳಿಗಿಷ್ಟೆಂದು ತೀರಿಸಿಕೊಳ್ಳುವುದು ಎಂದು ಬರೆದಿಟ್ಟಿದ್ದೇವೆ.

ನಾವು ಮಾಡಿಕೊಂಡ ಕಟ್ಟಳೆಗಳು

ಮುಂದೆ ನಿಮ್ಮಲ್ಲಿ ಹೋಗುವವರಿಗೂ ಬೇಕಾಗಬಹುದೆಂದು ಹೇಳುತ್ತೇವೆ.

ಒಂದು: ಹೊರಡುವ ಮುನ್ನ ಎಲ್ಲರೂ ವೈದ್ಯರಲ್ಲಿ ಎದೆ, ರಕ್ತದೊತ್ತಡ, ಶ್ವಾಸಕೋಶ ತೋರಿಸಬೇಕು. ವೈದ್ಯರು ಬೇಡವೆಂದರೆ ಬೇಡ. ಅವರ ಹಣ ಅವರಿಗೆ ಮರಳುತ್ತದೆ. ಎತ್ತರದ ಕಾಯಿಲೆಗೆ ಡಯಮಾಕ್ಸ್ ಮಾತ್ರೆಯನ್ನು ವೈದ್ಯರ ಚೀಟಿಯ ಮೇಲಲ್ಲದೆ ನುಂಗಬಾರದು. ಹಳದಿ ಜ್ವರದ ಲಸಿಕೆಯನ್ನು ಸರ್ಕಾರಿ ಕೇಂದ್ರದಲ್ಲಿ ಹಾಕಿಸಿ ಪತ್ರ ಜೊತೆಗಿಟ್ಟುಕೊಳ್ಳಬೇಕು. ತಗ್ಗಿನ ಊರುಗಳಲ್ಲಿ ಮಲೇರಿಯವಿದೆ. ಅದಕ್ಕೂ ಸಲಹೆ ಪಡೆಯಬೇಕು.

ಎರಡು: ವಿಮೆ 6000 ಮೀಟರಿನವರೆಗಿನ ನಡಿಗೆಗೆ ಅನ್ವಯಿಸುವುದೆಂದು ಕಾಗದದ ಮೇಲೆ ಬರೆದಿರಬೇಕು. ಬಾಯಿಮಾತು ಸಾಲದು.

ಮೂರು: ಬೆಟ್ಟದ ಮೇಲೆ ಮಾರ್ಗದರ್ಶಿ ಇಳಿ ಎಂದರೆ ಇಳಿಯಬೇಕು. ಐದು ವರ್ಷದ ಉಳಿತಾಯ ಎಂದು ಹಟ ಹಿಡಿಯುವಂತಿಲ್ಲ. ತಲೆನೋವನ್ನು ಮುಚ್ಚಿಡುವುದು ಇಡೀ ತಂಡಕ್ಕೆ ಮಾಡುವ ಮೋಸವೆಂದು ಎಣಿಸುವುದು.

ನಾಲ್ಕು: ಭಕ್ಷೀಸನ್ನು ಲಕೋಟೆಯಲ್ಲಿ ಒಬ್ಬರ ಕೈಗೆ ಒಪ್ಪಿಸಿ ಬರುವುದಿಲ್ಲ. ಎಲ್ಲರ ಎದುರಿಗೆ ಇಂಥವರಿಗೆ ಇಷ್ಟು ಎಂದು ಓದಿ, ಒಬ್ಬೊಬ್ಬರ ಕೈಗೇ ಕೊಡುವುದು. ನಮ್ಮ ಸಂಘದ ಬೋನಸ್ ಪಟ್ಟಿಯನ್ನು ಓದುವ ಹಾಗೆಯೇ.

ಐದು: ನಮ್ಮ ಚೀಲ ಹೊತ್ತವರ ಹೆಸರುಗಳನ್ನು, ಅವರು ಒಪ್ಪಿದರೆ, ಕೇಳಿ ಬರೆದುಕೊಂಡು ಬರುವುದು. ಈ ವಾಚನಾಲಯದಲ್ಲಿ ನಾವು ವರದಿ ಒಪ್ಪಿಸುವಾಗ ಮೊದಲು ಆ ಹೆಸರುಗಳನ್ನು ಓದುತ್ತೇವೆ.

ಅಲ್ಲಿಯತನಕ ಅಭ್ಯಾಸ ನಡೆಯಬೇಕು. ಪ್ರತಿ ಭಾನುವಾರ ಬೆಳಗಿನ ನಾಲ್ಕು ಗಂಟೆಗೆ ಹತ್ತು ಕಿಲೋ ಜೋಳದ ಚೀಲ ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದೇವೆ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಒಂದು ಗಂಟೆ ಕಾಯುತ್ತೇವೆ. ಬರಬೇಕೆನ್ನುವವರು ಯಾರಾದರೂ ಬರಬಹುದು. ಆಫ್ರಿಕಕ್ಕೆ ಬರದಿದ್ದರೂ ಗುಡ್ಡಕ್ಕೆ ಬರಬಹುದು. ಜೋಳದ ಚೀಲ ಕಿರಾಣಿ ಮಿತ್ರರ ಅಂಗಡಿಯಲ್ಲಿ ಸಿಗುತ್ತದೆ, ಚೀಲ ಒಡೆಯದೆ ಮರಳಿಸಿದರೆ ದುಡ್ಡು ಕೇಳುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.